ಮೂರನೆಯ ನೀರು

ಸೋಲಾಪುರದ ನಲ್ಲಿಗೆ ಐದು ದಿನಕ್ಕೊಮ್ಮೆ
ನಾವಿದ್ದೇವೆಂದು ನೆನಪಾಗುತ್ತದೆ.
ಅದೂ ನಸುಕಿನ ಮೂರಕ್ಕೆ.
ಮೊದಲು ಕೆಮ್ಮಿ, ಗಾಳಿ ಉಗುಳಿ,
ಆಮೇಲೆ ಕಿರುಬೆರಳಿನಷ್ಟು ಧಾರೆ.
ಹಂಡೆ, ಕೊಡ, ಪಾತೇಲಿ, ಸ್ಟೀಲಿನ ಡಬ್ಬಿ,
ತುಂಬಿದ್ದರ ಕೊರಳು ಮುಟ್ಟಿ ಮುಟ್ಟಿ ಎಣಿಸುತ್ತಾಳೆ ಅವ್ವ,
ಕತ್ತಲಲ್ಲೇ.

ಇವತ್ತು ನಾಲ್ಕನೆಯ ದಿನ.
ಬಚ್ಚಲ ಕಿಟಕಿಗೆ ಹಳೇ ಚಾದರ ಬಡಿದು
ನಾಲ್ಕು ಹಾಳೆ ಫಿಲ್ಮು ತೊಯ್ಸಿದ್ದೇನೆ.
ಡೆವಲಪರು ಆಯಿತು, ಹೈಪೋ ಆಯಿತು,
ಉಳಿದದ್ದು ತೊಳೆಯುವುದು.
ಅರ್ಧ ಗಂಟೆ, ಹರಿಯುವ ನೀರಿನಲ್ಲಿ,
ಎನ್ನುತ್ತದೆ ಪೊಟ್ಟಣದೊಳಗಿನ ಚೀಟಿ.
ಬರೆದವನ ಊರಲ್ಲಿ ಹೊಳೆಯೇ ನಲ್ಲಿಯೊಳಗಿತ್ತೋ ಏನೋ.
ನಮ್ಮಲ್ಲಿ ಅರ್ಧ ಗಂಟೆಯ ಹರಿವೆಂದರೆ
ಎರಡು ದಿನದ ಅಡಿಗೆ, ಇಬ್ಬರ ಜಳಕ,
ಮೇಲೆ ಅವ್ವನ ಒಂದು ವಾರದ ಮೌನ.

ನಾಲ್ಕು ಹಾಳೆಯಲ್ಲೂ ಇರುವವನು ಅಂಬಾದಾಸ ಚಿಲ್ಲಾಳ.
ಚಾದರದ ಕಾರಖಾನೆಯಲ್ಲಿ ಮೂವತ್ತೊಂದು ವರ್ಷ
ನೂಲಿಗೆ ಬಣ್ಣ ಹಾಕಿದವನು.
ಉಗುರಿನ ಬುಡದಲ್ಲಿ ಇನ್ನೂ ನೀಲಿ,
ಮೊಮ್ಮಗಳು ನಿಂಬೆ ತಿಕ್ಕಿದರೂ ಜಗ್ಗದ ನೀಲಿ.
ಅದು ಚಿತ್ರದಲ್ಲಿ ಹ್ಯಾಗೆ ಬಂದೀತು ಎಂದು ನೋಡಲು
ಬಚ್ಚಲ ಹೊಸ್ತಿಲ ಮೇಲೆ ಕೂತಿದ್ದಾನೆ.

ಡ್ರಮ್ಮಿಗೆ ನಾನು ಪೈಪು ಸಿಗಿಸುವುದು ಕಂಡು
"ಏನ್ ಮಾಡಾಕತ್ತೀ ಸುಗಲಾ?"
"ಉಪ್ಪು ತೆಗೀಬೇಕು ಕಾಕಾ.
ಉಳೀತು ಅಂದ್ರ ಹತ್ತು ವರ್ಷಕ್ಕ ನಿಮ್ಮ ಮಾರಿ ಹಳದಿ ಆಗತದ."
"ಅಷ್ಟೊತ್ತಿಗೆ ಮಾರೀನೇ ಮಣ್ಣಾಗಿರತದ," ನಕ್ಕ.
"ಆದ್ರೂ ನೀರು ಓಡಿಸಬ್ಯಾಡ.
ಓಡೋ ನೀರಿಗೆ ನೂಲಿನ ಮಾತು ಕೇಳೂವಷ್ಟು ಪುರಸೊತ್ತಿಲ್ಲ.
ಮೂರು ಬೋಗುಣಿ ತಾ. ಒಂದೊಂದು ತಂಬಿಗಿ ಹಾಕು.
ಮುಳುಗಿಸು, ಅಲ್ಲಾಡಿಸು, ಸುಮ್ಮನ ಕೂಡು.
ಒಳಗಿದ್ದದ್ದು ತಾನಾಗೇ ಹೊರಗ ಬರತದ,
ದಬ್ಬಬಾರದು.
ಕಡೀ ಬೋಗುಣಿ ನೀರು ಚೆಲ್ಲಬ್ಯಾಡ,
ನಾಳಿನ ಲಾಟಿಗೆ ಅದೇ ಮೊದಲನೇ ನೀರು."

ಕೂತೆವು.
ಬೀದಿಯಲ್ಲಿ ಯಾರೋ ಟ್ಯಾಂಕರಿನವನಿಗೆ ಬೈಯುತ್ತಿದ್ದರು,
ಮರಾಠಿಯಲ್ಲಿ ಶುರುವಾಗಿ ತೆಲುಗಿಗೆ ಏರಿತು ಜಗಳ.
ನಾನು ಹಾಳೆ ಹೊರಳಿಸಿದೆ. ಐದು ಸಲ. ಬಿಟ್ಟೆ.
ಎರಡನೆಯದರಲ್ಲಿ ಹತ್ತು ಸಲ. ಬಿಟ್ಟೆ.

ಮೂರೂ ನೀರನ್ನು ಮೂರು ಗ್ಲಾಸಿಗೆ ತುಸು ತುಸು ತೆಗೆದು
ಬಾವಿಗೆ ಹಾಕುವ ಕೆಂಪು ಹರಳಿನ ದ್ರಾವಣ
ಒಂದೊಂದು ಹನಿ ಬಿಟ್ಟೆ.
ಮೊದಲನೆಯದರಲ್ಲಿ ಹನಿ ಬಿದ್ದದ್ದೇ ಸುಳ್ಳೇನೋ ಎನ್ನುವಂತೆ ಮಾಯ.
ಎರಡನೆಯದರಲ್ಲಿ ಕಂದಿ, ಕಂದಿ, ಚಹದ ಬಣ್ಣ.
ಮೂರನೆಯದರಲ್ಲಿ
ಕೆನ್ನೇರಳೆ ಎಳೆಯೊಂದು ಇಳಿಯಿತು, ಬಿಚ್ಚಿಕೊಂಡಿತು,
ಹೋಗಲಿಲ್ಲ.

ಮೂವತ್ತೊಂದು ವರ್ಷ
ನೀರಿನಿಂದ ಬಣ್ಣ ಹೋಗಲೆಂದೇ ಕಾದವನು
ಈಗ ಕಣ್ಣು ಕಿರಿದು ಮಾಡಿ
ಬಣ್ಣ ಇರಲೆಂದು ಕಾಯುತ್ತಿದ್ದ.
"ನಿಂತದ," ಅಂದ.
ಗ್ಲಾಸನ್ನು ಬೆಳಕಿಗೆ ಹಿಡಿದು ಇನ್ನೊಮ್ಮೆ,
ನನಗಲ್ಲ, ಯಾರಿಗೋ ಹಳೆಯ ಪಾಳಿಯವರಿಗೆ:
"ನಿಂತದ."

ಹಾಳೆ ಎತ್ತಿ ಕಿಟಕಿಯ ಎದುರು ಹಿಡಿದೆ.
ನರೆಗೂದಲು ಇದ್ದಲು, ಹಲ್ಲು ಕಪ್ಪು,
ಬಾಯ ಕತ್ತಲೆ ಮಾತ್ರ ತಿಳಿ.
"ನನ್ನ ನೀಲಿ ಎಲ್ಲಿ?"
ಉಗುರಿನ ಬುಡದ ಒಂದು ಮಸುಕು ತೋರಿಸಿದೆ,
ಚರ್ಮಕ್ಕಿಂತ ಕೂದಲೆಳೆಯಷ್ಟು ಬೇರೆ.
ಅವನು ತನ್ನ ಬೆರಳು ನೋಡಿದ, ಹಾಳೆ ನೋಡಿದ.
ಏನೂ ಅನ್ನಲಿಲ್ಲ.
ಧೋತರದ ಚುಂಗಿನಲ್ಲಿ ಬೆರಳು ಒರೆಸಿಕೊಂಡ,
ಅವು ಒದ್ದೆಯಾಗಿರಲಿಲ್ಲ.

ಬೆಳ್ಳಿ ಕರಗಿದ ಹೈಪೋ ಕ್ಯಾನಿನಲ್ಲಿದೆ,
ಸರಾಫ ಓಣಿಯವನು ತಿಂಗಳಿಗೊಮ್ಮೆ ಒಯ್ಯುತ್ತಾನೆ.
ಮೊದಲ ನೀರೂ ಅದರ ಜೊತೆಗೆ.
ಎರಡನೆಯದು ಪಾಯಖಾನೆಯ ಬಕೀಟಿಗೆ.
ಮೂರನೆಯದಕ್ಕೆ ತಾಟು ಮುಚ್ಚಿ
ಸೀಮೆಸುಣ್ಣದಲ್ಲಿ ಬರೆದೆ: ಕುಡಿಯಬ್ಯಾಡ್ರಿ.

"ಎಷ್ಟು ಹೋತು?" ಒಳಗಿಂದ ಅವ್ವ.
"ಮೂರು ತಂಬಿಗಿ."
ನಂಬಿದಳೋ ಇಲ್ಲವೋ,
ಕೊಡಗಳ ಕೊರಳು ಮುಟ್ಟುವ ಬಳೆಯ ಸದ್ದು ಕೇಳಿಸಿತು.
ಆಮೇಲೆ ಬಂದಳು. ಹಗ್ಗಕ್ಕೆ ಕ್ಲಿಪ್ಪು ಹಾಕಿ ತೂಗಿದ್ದ
ನಾಲ್ಕು ಅಂಬಾದಾಸರನ್ನು ನೋಡಿದಳು,
ಮೂಲೆಯಲ್ಲಿ ಕೂಡಿ ಕೂಡಿ ಬೀಳುವ ಹನಿ ನೋಡಿದಳು,
ಹೋಗಿ ಒಂದು ವಾಟಿ ತಂದು
ಕೆಳಗಿಟ್ಟಳು.